ಎರಡನೇ ಸಲದ ಎಸಿಎಲ್ ಆಪರೇಷನ್: ಮೊದಲು ಮೂಳೆ ತುಂಬಬೇಕಂತೆ, ಯಾಕೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮನಿಗೆ ಎಸಿಎಲ್ (ಮಂಡಿಯೊಳಗಿನ ಒಂದು ಲಿಗಮೆಂಟ್, ಅಂದ್ರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಆಪರೇಷನ್ ಆಗಿತ್ತು. ಆಟವಾಡುವಾಗ ಮಂಡಿ ತಿರುಚಿ, ಆಗ ಲಿಗಮೆಂಟ್ ಬದಲಿಗೆ ಹಾಕಿದ್ದ ಗ್ರಾಫ್ಟ್ ಹರಿದಿದೆ. ಗ್ರಾಫ್ಟ್ ಕೂರಿಸಲು ಮೂಳೆಯಲ್ಲಿ ಕೊರೆದ ತೂತು, ಅಂದ್ರೆ ಟನಲ್, 15 ಮಿ.ಮೀ. ಅಗಲವಾಗಿದೆ, ಮೊದಲು ಮೂಳೆ ತುಂಬಿ, ಕೆಲವು ತಿಂಗಳು ಬಿಟ್ಟು ಲಿಗಮೆಂಟ್ ಹಾಕೋಣ ಅಂತಾರೆ ಸರ್ಜನ್. ಎರಡೆರಡು ಆಪರೇಷನ್ ನಿಜವಾಗ್ಲೂ ಬೇಕಾ?

ಉತ್ತರ (ಮೂಳೆ ತಜ್ಞರು): ಸುಮ್ನೆ ಹೇಳಿದ್ದಲ್ಲ ಅದು. ಮೊದಲ ಸಲ ಗ್ರಾಫ್ಟ್ ದಪ್ಪ ನೋಡಿಕೊಂಡು ಸಾಮಾನ್ಯವಾಗಿ 7ರಿಂದ 10 ಮಿ.ಮೀ. ಟನಲ್ ಕೊರೆಯುತ್ತೇವೆ. ಗ್ರಾಫ್ಟ್ ಅದರೊಳಗೆ ಅಲುಗಾಡುತ್ತಿದ್ದರೆ, ಕೀಲಿನ ನೀರು ಅಲ್ಲಿಗೆ ಇಳಿದರೆ ಟನಲ್ ಅಗಲವಾಗುತ್ತದೆ. ಗ್ರಾಫ್ಟ್ ಬಿಗಿಯಲು ಹಾಕುವ ಕರಗುವ ಸ್ಕ್ರೂ ಸುತ್ತಲೂ ಮೂಳೆ ಟೊಳ್ಳಾಗುವುದುಂಟು. ಅಷ್ಟು ದೊಡ್ಡ ತೂತಿನಲ್ಲಿ ಹೊಸ ಗ್ರಾಫ್ಟ್‌ಗೆ ಹಿಡಿತ ಎಲ್ಲಿಂದ ಬರಬೇಕು?

ಗಾತ್ರದಷ್ಟೇ ಜಾಗವೂ ಮುಖ್ಯ. ಹಳೆ ಟನಲ್ ಸರಿಯಾದ ಜಾಗದಲ್ಲಿದ್ದು, ಜಾಸ್ತಿ ಅಗಲವಾಗಿಲ್ಲದಿದ್ದರೆ ಅದನ್ನೇ ಬಳಸಬಹುದು. ಪೂರ್ತಿ ತಪ್ಪು ಜಾಗದಲ್ಲಿದ್ದರೂ ತೊಂದರೆ ಕಡಿಮೆ, ಅದನ್ನು ಬಿಟ್ಟು ಬೇರೆ ಕಡೆ ಕೊರೆದರಾಯಿತು. ನಮಗೆ ತಲೆನೋವು ತರುವುದು ಸ್ವಲ್ಪವೇ ಆಚೀಚೆ ಇರುವ ಟನಲ್. ಹೊಸದನ್ನು ಕೊರೆಯುವಾಗ ಹಳೆಯದೂ ಸೇರಿಕೊಂಡು ಒಂದೇ ದೊಡ್ಡ ಗುಂಡಿಯಾಗಿಬಿಡುತ್ತದೆ.

14–15 ಮಿ.ಮೀ. ಮುಟ್ಟಿದ ಮೇಲೆ ನಮ್ಮಲ್ಲಿ ಹೆಚ್ಚಿನವರು ಎರಡು ಹಂತದ ದಾರಿಯನ್ನೇ ಹಿಡಿಯುತ್ತೇವೆ. ಹಳೆ ಸ್ಕ್ರೂ, ಗ್ರಾಫ್ಟ್ ತೆಗೆದು, ಟನಲ್ ಗೋಡೆ ಕೆರೆದು, ಸೊಂಟದ ಮೂಳೆಯ ಚೂರುಗಳನ್ನೋ ದಾನಿಯ ಮೂಳೆಯನ್ನೋ ಒತ್ತಿ ತುಂಬುತ್ತೇವೆ. ಅದು ಕೂಡಿಕೊಳ್ಳಲು ಸುಮಾರು 4ರಿಂದ 6 ತಿಂಗಳು ಬೇಕು.

ಪ್ರಶ್ನೆ: ಎಂಆರ್‌ಐ ಆಗಿದೆ ಡಾಕ್ಟ್ರೇ. ಸಿಟಿ ಸ್ಕ್ಯಾನೂ ಬೇಕು ಅಂತಿದ್ದಾರಲ್ಲ?

ಉತ್ತರ (ಮೂಳೆ ತಜ್ಞರು): ಬೇಕು. ಲಿಗಮೆಂಟ್, ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಭಾಗ) ನೋಡಲು ಎಂಆರ್‌ಐ ಸರಿ. ಮೂಳೆಯ ತೂತು ಅಳೆಯಲು ಸಿಟಿಯೇ ನಂಬಿಕಸ್ಥ. ತುಂಬಿದ ಮೂಳೆ ಕೂಡಿದೆಯಾ ಅನ್ನುವುದೂ ಅದರಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಸರ್ಜನ್‌ರನ್ನು ಕೇಳಿ, ಇದನ್ನು ಎಷ್ಟೋ ಜನ ಕೇಳುವುದೇ ಇಲ್ಲ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಕೆಳಕಾಲಿನ ಮೂಳೆಯ ಮೇಲ್ಭಾಗ ಹಿಂದಕ್ಕೆ ಎಷ್ಟು ಇಳಿಜಾರಾಗಿದೆ? ಇಳಿಜಾರು ಜಾಸ್ತಿಯಿದ್ದರೆ ಹೆಜ್ಜೆಯೂರಿದಾಗಲೆಲ್ಲ ಆ ಮೂಳೆ ಮುಂದಕ್ಕೆ ಜಾರಿ ಗ್ರಾಫ್ಟನ್ನು ಎಳೆಯುತ್ತದೆ. 12 ಡಿಗ್ರಿ ದಾಟಿ, ಗ್ರಾಫ್ಟ್ ಮತ್ತೆ ಮತ್ತೆ ಹರಿದಿದ್ದರೆ ಮೂಳೆಯನ್ನು ಬೆಣೆಯಾಕಾರದಲ್ಲಿ ಕತ್ತರಿಸಿ ಇಳಿಜಾರು ತಗ್ಗಿಸುವುದುಂಟು. ಎಲ್ಲರಿಗೂ ಇದು ಬೇಕಿಲ್ಲ.

ಪ್ರಶ್ನೆ: ಆ ತಿಂಗಳುಗಳಲ್ಲಿ ಸುಮ್ನೆ ಕೂತಿರಬೇಕಾ?

ಉತ್ತರ (ಫಿಸಿಯೋ): ಇಲ್ಲ ಇಲ್ಲ. ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಲಿ, ಮಂಡಿ ಪೂರ್ತಿ ನೆಟ್ಟಗಾಗುವಂತೆ ನೋಡಿಕೊಳ್ಳಲಿ. ಓಡಿ ತಟ್ಟನೆ ತಿರುಗುವ ಆಟ ಮಾತ್ರ ಬೇಡ. ಲಿಗಮೆಂಟ್ ಇಲ್ಲದ ಮಂಡಿ ಜಾರಿದರೆ ಮೆನಿಸ್ಕಸ್ ಹರಿಯಬಹುದು. ತಮ್ಮ ಸಿಗರೇಟ್ ಸೇದ್ತಾರಾ?

ಪ್ರಶ್ನೆ: ಹೂಂ, ಸೇದ್ತಾನೆ.

ಉತ್ತರ (ಮೂಳೆ ತಜ್ಞರು): ಹಾಗಾದ್ರೆ ಆಪರೇಷನ್‌ಗೆ ಮೊದಲೇ ಬಿಡಿಸಿ. ಸೇದುವವರಲ್ಲಿ ತುಂಬಿದ ಮೂಳೆ ನಿಧಾನಕ್ಕೆ ಕೂಡುತ್ತದೆ, ಕೆಲವರಲ್ಲಿ ಕೂಡುವುದೇ ಇಲ್ಲ.