ತಂಗೀ, ಆ ಹುಳಕ್ಕ ಎಣ್ಣಿ ಹೊಡೀಬ್ಯಾಡ

ಕೇಳಸಾಕತ್ತೈತಿ? ಹಾಂ. ತಂಗೀ, ನೀ ಮುಂಜಾನಿ ಮನಿ ಗ್ರೂಪಿನ್ಯಾಗ ಹಾಕಿದ ಫೋಟೋ ಈಗ ನೋಡಿದ್ನಿ. ಬೆಂಡಿ ಎಲಿ ಹಿಂದ ಕರೀ ಹುಳ, ಮೈತುಂಬ ಮುಳ್ಳು, ಕಿತ್ತಳಿ ಮಚ್ಚಿ, ಮೊಸಳಿ ಮರಿ ಇದ್ದಂಗ ಐತಿ, ಯಾವ ಎಣ್ಣಿ ಹೊಡೀಲಿ ಅಂತ ಅಂಜಿ ಕೇಳೀದಿ. ಯಾವುದೂ ಹೊಡೀಬ್ಯಾಡ. ನಿಮ್ಮಣ್ಣ ಕೆಳಗ ಬಾಟ್ಲಿ ಫೋಟೋ ಹಾಕ್ಯಾನಲ್ಲ, ಅದನ್ನ ನೋಡಾಕೂ ಹೋಗಬ್ಯಾಡ. ಅದು ಗುಲಗಂಜಿ ಹುಳದ ಮರಿ, ಗಿಡದ ಹೇನ ತಿನ್ನತೈತಿ.

ನಮ್ಮ ಹಳ್ಳದ ಹೊಲ ಎಲ್ಲಾರಿಗೂ ಗೊತ್ತೈತಿ. ಹಿಂಗಾರಿಗೆ ಮಾಲದಂಡಿ ಜ್ವಾಳ, ದನ ನುಗ್ಗಬಾರದಂತ ಸುತ್ತ ಮುಳ್ಳಿನ ಕುಸಬಿ. ಆ ವರ್ಷ ಥಂಡಿ ಭಾಳ, ಮ್ಯಾಲ ಮೋಡ ಬ್ಯಾರೆ. ಕುಸಬಿ ತುದಿಗೆಲ್ಲಾ ಮಾವಾ ಬಿತ್ತು. ಸೊಸೆಂದ್ರು ನಗಬ್ಯಾಡ್ರಿ, ಕರೀ ಹೇನಿನ ಮಾತ ಹೇಳಾಕತ್ತೇನಿ. ಮುಟ್ಟಿದ್ರ ಕೈ ಅಂಟಂಟು. ಅದರ ನಡಕ ಇದ ಮೊಸಳಿ ಮರಿ ಓಡ್ಯಾಡತಿದ್ವು. ಇವ ದೊಡ್ಡ ಕಳ್ಳರು ಅಂತ ನಾ ತಿಳಕೊಂಡ್ನಿ. ನಿಮ್ಮ ದೊಡ್ಡಪ್ಪ ನಾಕ ದಿನ ತಡಿ ಅಂದ್ರು. ನಾನ ಬೈದು ಪಂಪ ಹೊರಿಸಿದ್ನಿ.

ಮೂರ ದಿನ ಹೊಲ ಸ್ವಚ್ಛ. ಹದಿನೈದ ದಿನಕ್ಕ ಮಾವಾ ತಿರಗಿ ಬಂತು, ಮೊದಲಿನಕಿಂತ ಹೆಚ್ಚು. ಆ ಹೇನಿಗೆ ಗಂಡೂ ಬ್ಯಾಡ, ತತ್ತೀನೂ ಬ್ಯಾಡ. ಜೀವಂತ ಮರಿ ಹಾಕತೈತಿ, ಆ ಮರಿ ಎಂಟ್ಹತ್ತ ದಿನಕ್ಕ ತಾನೂ ಹಡಿಯಾಕ ಸುರು. ಗುಲಗಂಜಿದು ಹಂಗಲ್ಲ. ತತ್ತಿ ಒಡದು, ಮರಿ ಬೆಳದು, ಎಲಿಗೆ ಅಂಟಕೊಂಡ ಕೂತು, ಹುಳ ಆಗಾಕ ಥಂಡ್ಯಾಗ ಮೂರ ವಾರರೇ ಬೇಕು. ಹೇನ ತಿನ್ನೋದನ್ನ ನಾನ ಕೊಂದಿದ್ನಿ, ಇನ್ನ ತಿನ್ನವ್ರ ಯಾರು? ಆ ವರ್ಷ ಮನಿ ಕುಸಬಿ ಎಣ್ಣಿ ಇಲ್ಲದ ಅಡಗಿಗೆ ಅಂಗಡಿ ಎಣ್ಣಿ ತಂದ್ವಿ. ಎಣ್ಣಿ ಹೊಡದು ಎಣ್ಣಿ ಕಳಕೊಂಡ್ವಿ. ಅದಕ್ಕ ಹೇಳತೇನಿ, ಎಣ್ಣಿ ಹೊಡೀಬ್ಯಾಡ.

ಮೊದಲ ಬದು ಇತ್ತು, ಹುಳ ಅಲ್ಲೇ ಉಳಕೊಂಡಿರತಿದ್ವು. ಈಗೆಲ್ಲಿ ಐತಿ? ನಿಮ್ಮ ಕಾಕಾನೂ ಗ್ರೂಪಿನ್ಯಾಗ ಅದಾನ, ಕೇಳಲಿ. 1972ರ ಬರದಾಗ ಎತ್ತ ಮಾರಿದ್ರೂ ನಮ್ಮತ್ತಿಮಾವ ಬದುವಿನ ಗಿಡಕ್ಕ ಕೊಡ್ಲಿ ಹಚ್ಚಲಿಲ್ಲ. ಪಾಲಾದ ಮರು ವರ್ಷ ಜೇಸೀಬಿ ಬಂತು. ಒಂದ ಮಾರು ನೆಲಕ್ಕ ತಂಗಡಿ, ತುಂಬಿ, ಉತ್ರಾಣಿ ಎಲ್ಲಾ ಹೆರದ ಒಗದ್ರು. ದೀಪಾವಳಿ ಸಗಣಿ ಪಾಂಡವರಿಗೆ ಏರಸಾಕ ಹೂ ಈಗ ಜತ್ತ ಸಂತಿಯಿಂದ ರೊಕ್ಕಾ ಕೊಟ್ಟ ತರಬೇಕು. ಬ್ಯಾಡ್ರೋ ಅಂದ್ರ, ಹೆಣ್ಣಮಗಳಿಗೆ ಹೊಲದ ಮಾತ್ಯಾಕ ಅಂದ್ರು. ಅಂದವ್ರಿಗೆ ನೆನಪಿರಲಿಕ್ಕಿಲ್ಲ, ನನಗೈತಿ. ಇರ್ಲಿ ಬಿಡು.

ಅಯ್ಯ, ಇರವಿ ಮಾತ ಮರತ್ನಿ. ನಿನ್ನ ಫೋಟೋದಾಗ ದೇಟಿನ ಮ್ಯಾಲ ಇರವಿ ಸಾಲ ಐತಿ, ನೋಡಿದಿ? ಹೇನಿನ ಸೀ ನೀರ ನೆಕ್ಕಾಕ ಬರತಾವು, ಗುಲಗಂಜಿ ಮರೀನ ಕಡದ ಓಡಸತಾವು. ಬುಡಕ್ಕ ಒಣಾ ಬೂದಿ ಹಾಕು. ಹೇನ ಮುತ್ತಿದ ತುದಿ ಚೂಟಿ ಒಗಿ, ಮರಿ ಇಲ್ಲದ ಎಲಿಗೆ ನೀರ ಜೋರ ಹೊಡಿ. ಬದನಿ ಗಿಡದಾಗ ಹಳದಿ ಮುಳ್ಳಿನ ಮರಿ ಬಂದ್ರ ಅದು ಬ್ಯಾರೆ ಜಾತಿ, ಎಲಿ ಕೆರದ ಜಾಳಿಗಿ ಮಾಡತೈತಿ, ಆರಿಸಿ ತಗಿ. ಬಚ್ಚಲ ನೀರ ಹರಿಯೋ ಕಡೆ ಕೊತ್ತಂಬರಿ, ಸಬ್ಬಸಗಿ ಉದರಸು. ಎಲ್ಲಾ ಕಿತ್ತ ಪಲ್ಯಾ ಮಾಡಬ್ಯಾಡ, ನಾಕ ಗಿಡ ಹೂ ಬಿಡಲಿ. ಹೇನ ಮುಗದ ಮ್ಯಾಲ ಗುಲಗಂಜಿ ಆ ಹೂವಿನ ಪುಡಿ ತಿಂದ ಜೀವ ಹಿಡೀತೈತಿ. ತಾಟಿನ್ಯಾಗ ಹರಳ ಹಾಕಿ ನೀರ ಇಡು, ಜೇನ ಹರಳ ಮ್ಯಾಲ ಕೂತ ಕುಡೀತಾವು. ಚಾ ತಗೊಂಡ ಅಲ್ಲೇ ಕೂತ ನೋಡು, ಆ ಮರಿ ಒಂದೊಂದ ಹೇನ ಹಿಡದ ಹೀರೋದು. ಟೀವಿಕಿಂತ ಛಲೋ.

ಆರ ದಿನ ಬಿಟ್ಟ ಇನ್ನೊಂದ ಫೋಟೋ ಹಾಕು. ಕುಕ್ಕರ್ ಮೂರನೇ ಸೀಟಿ ಹೊಡೀತು, ಇಡತೇನಿ.