ಮನೆಯಿಂದ ಕೆಲಸಕ್ಕೆ ಮಾನಿಟರ್: 24 ಇಂಚಾ, 27 ಇಂಚಾ? ಬಳಸಿದವರು ಹೇಳಿ

ಕೇಳಿದವರು: ಆಲ್ದೂರು ಕಡೆಯಿಂದ, ಚಿಕ್ಕಮಗಳೂರು

ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಪೂರ್ತಿ ಮನೆಯಿಂದಲೇ. ಇರುವುದು 14 ಇಂಚಿನ ಲ್ಯಾಪ್‌ಟಾಪ್. ಬೆಳಗಿಂದ ಸಂಜೆವರೆಗೂ ಎಕ್ಸೆಲ್, ನಡುನಡುವೆ ಕನ್ನಡದಲ್ಲಿ ಪತ್ರ ಟೈಪ್ ಮಾಡುವುದೂ ಇದೆ. ಬಗ್ಗಿ ನೋಡಿ ನೋಡಿ ಕತ್ತು ಹಿಡಿದುಕೊಂಡಿದೆ. ಅಂಗಡಿಯವರು 27 ಇಂಚಿಂದೇ ತಗೊಳ್ಳಿ ಮೇಡಂ, 24ಕ್ಕೂ ಅದಕ್ಕೂ ರೇಟಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ ಅಂತಾರೆ. ನಮ್ಮೆಜಮಾನ್ರು ಹಾಲ್‌ನಲ್ಲಿರುವ 32 ಇಂಚಿನ ಟಿವಿಗೇ ವೈರ್ ಚುಚ್ಚು ಅಂತಾರೆ. ಗೇಮ್ ಗೀಮ್ ಏನೂ ಆಡಲ್ಲ. ನಮ್ಮದು ಹಳೇ ಹೆಂಚಿನ ಮನೆ, ಮಳೆಗಾಲದಲ್ಲಿ ಕರೆಂಟ್ ಕಥೆ ನಿಮಗೆ ಗೊತ್ತಲ್ಲ. ಏನು ನೋಡಿ ತಗೋಬೇಕು?

ಹಾಸನ, ಸಾಲಗಾಮೆ ರಸ್ತೆ (ಸಾಫ್ಟ್‌ವೇರ್ ಕೆಲಸ)

ಟಿವಿ ವಿಷಯ ಮೊದಲು ಮುಗಿಸಿಬಿಡೋಣ. 32 ಇಂಚಿನ 'ಎಚ್‌ಡಿ ರೆಡಿ' ಟಿವಿ ಅಂದರೆ ಅದರಲ್ಲಿರುವುದು 1366×768 ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕೆ). ಇಂಚಿಗೆ 49 ಪಿಕ್ಸೆಲ್ ಆಯಿತು. ನಿಮ್ಮ ಲ್ಯಾಪ್‌ಟಾಪ್ ಫುಲ್ ಎಚ್‌ಡಿ (1920×1080) ಆಗಿದ್ದರೆ ಅದರಲ್ಲಿ ಇಂಚಿಗೆ 157 ಇರುತ್ತದೆ. ಸೋಫಾದಲ್ಲಿ ಕೂತು ಕ್ರಿಕೆಟ್ ನೋಡುವುದಕ್ಕೆ 49 ಸಾಕು. ಎರಡಡಿ ದೂರದಲ್ಲಿ ಕೂತು ಅಂಕಿ ಓದುವುದಕ್ಕೆ ಸಾಕಾಗಲ್ಲ. ಎಷ್ಟೋ ಟಿವಿಗಳು ಬಣ್ಣದ ಮಾಹಿತಿಯನ್ನು ಕಡಿಮೆ ಮಾಡಿ ತೋರಿಸುತ್ತವೆ. ಅದರಲ್ಲಿ ಕೆಂಪು ಅಕ್ಷರದ ಅಂಚೆಲ್ಲ ಕದಡಿದ ಹಾಗೆ ಕಾಣುತ್ತದೆ. ಅಣ್ಣಾವ್ರಿಗೆ ಟಿವಿ ಬಿಟ್ಟುಕೊಡಿ.

ಈಗ 27ರ ವಿಷಯ. ಅಂಗಡಿಯವರು 'ಜಾಸ್ತಿ ವ್ಯತ್ಯಾಸ ಇಲ್ಲ' ಎಂದಿದ್ದು ಬಹುಶಃ ಫುಲ್ ಎಚ್‌ಡಿ 27 ಇಂಚಿನದಕ್ಕೆ. ಅದರಲ್ಲೂ 1920×1080, 24ರಲ್ಲೂ ಅಷ್ಟೇ. ಗಾಜು ದೊಡ್ಡದಾಯಿತು, ಎಕ್ಸೆಲ್‌ನಲ್ಲಿ ಒಂದು ಕಾಲಂ ಕೂಡ ಹೆಚ್ಚಿಗೆ ಕಾಣಲ್ಲ. ಇಂಚಿಗೆ 92 ಇದ್ದದ್ದು 82ಕ್ಕೆ ಇಳಿಯುತ್ತದೆ. ಅದೇ 27 ಇಂಚಿನಲ್ಲಿ 2560×1440 (ಚಿಕ್ಕದಾಗಿ 1440 ಅಂತಾರೆ) ತಗೊಂಡರೆ ಇಂಚಿಗೆ 109 ಸಿಗುತ್ತದೆ, ಅಡ್ಡಕ್ಕೆ ಮೂರನೇ ಒಂದು ಪಾಲು ಹೆಚ್ಚು ಜಾಗವೂ ಸಿಗುತ್ತದೆ. ನಿಮ್ಮ ಕೆಲಸಕ್ಕೆ ಅದೇ ಸರಿ ಅಂತ ನನ್ನ ಅನಿಸಿಕೆ. ಬಜೆಟ್ ಅಷ್ಟಿಲ್ಲ ಅಂದರೆ 24 ಇಂಚಿನ ಫುಲ್ ಎಚ್‌ಡಿ ತಗೊಳ್ಳಿ. 27 ಇಂಚಿನ ಫುಲ್ ಎಚ್‌ಡಿ ಮಾತ್ರ ಬೇಡ.

4ಕೆ (3840×2160) ಚೆನ್ನಾಗಿಯೇ ಇರುತ್ತದೆ. ಆದರೆ ಅಕ್ಷರವನ್ನು 150% ದೊಡ್ಡದು ಮಾಡಿಕೊಂಡೇ ಓದಬೇಕು, ಹಾಗಾಗಿ ಜಾಗ 1440ರಷ್ಟೇ ಸಿಗುತ್ತದೆ. ಅಕ್ಷರ ನುಣುಪಾಗಿ ಕಾಣುತ್ತದೆ, ಅಷ್ಟೇ ಲಾಭ. ಲ್ಯಾಪ್‌ಟಾಪ್ ಹಳೇದಾಗಿ ಅದರ ಎಚ್‌ಡಿಎಂಐ (ಮಾನಿಟರ್ ವೈರ್ ಚುಚ್ಚುವ ಪೋರ್ಟ್) 1.4 ಆಗಿದ್ದರೆ 4ಕೆಯಲ್ಲಿ 30 ಹರ್ಟ್ಸ್ (ಸೆಕೆಂಡಿಗೆ 30 ಸಲ ಚಿತ್ರ ಬದಲಾಗುವುದು) ಮಾತ್ರ ಬರುತ್ತದೆ, ಮೌಸ್ ಎಳೆದರೆ ತಡೆತಡೆದು ಹೋಗುತ್ತದೆ. 1440ಕ್ಕೆ ಆ ತೊಂದರೆ ಇಲ್ಲ, ಹಳೇ ಪೋರ್ಟಿನಲ್ಲೂ 60 ಹರ್ಟ್ಸ್ ಸಿಗುತ್ತದೆ.

ಚಿಕ್ಕಮಗಳೂರು ಪೇಟೆ (ಡಿಟಿಪಿ)

ಮೇಲಿನವರು ಹೇಳಿದ್ದಕ್ಕೆ ನನ್ನದೂ ಓಟು. ಕನ್ನಡ ಟೈಪ್ ಮಾಡ್ತೀನಿ ಅಂದಿದ್ದೀರಿ, ಅದರ ಬಗ್ಗೆ ಹೇಳ್ತೀನಿ. ಇಂಗ್ಲಿಷ್ ಮಾತ್ರ ಓದುವವರಿಗೆ 82 ಪಿಕ್ಸೆಲ್ ನಡೆದುಹೋಗಬಹುದು. ನಮ್ಮ ಲಿಪಿಗೆ ಅದು ಬಿಗಿ. ದ, ಧ, ಥ ಮೂರಕ್ಕೂ ಇರುವ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆ. ಪ-ಷ, ರ-ಠ ಕೂಡ ಹಾಗೇ. ಒತ್ತಕ್ಷರ ಬಂದರಂತೂ ಮೂಲ ಅಕ್ಷರಕ್ಕಿಂತ ಸಣ್ಣದಾಗಿ ಕೆಳಗೆ ಕೂರುತ್ತದೆ. 'ರಾಷ್ಟ್ರ', 'ಲಕ್ಷ್ಮಿ' ಇಂಥ ಪದಗಳಲ್ಲಿ ಕೆಳಗಿರುವುದು ಏನು ಅಂತ ಮಾನಿಟರ್ ತೋರಿಸಬೇಕಲ್ಲ? ನನ್ನ ಹತ್ತಿರ ಫುಲ್ ಎಚ್‌ಡಿ 27 ಒಂದಿದೆ, 1440ರ 27 ಒಂದಿದೆ. ಪ್ರೂಫ್ ನೋಡುವ ಹುಡುಗಿ ಮೊದಲನೆಯದರ ಮುಂದೆ ಕೂತರೆ ಪ್ರತಿ ಪುಟ ಜೂಮ್ ಮಾಡುತ್ತಾಳೆ. ಎರಡನೆಯದರಲ್ಲಿ ಹಾಗೇ ಓದಿಕೊಂಡು ಹೋಗುತ್ತಾಳೆ.

ಅಂಗಡಿಗೆ ಹೋಗುವಾಗ ನಿಮ್ಮ ಲ್ಯಾಪ್‌ಟಾಪನ್ನೇ ತಗೊಂಡು ಹೋಗಿ. ಅಲ್ಲಿ ಓಡುತ್ತಿರುವ ಹೂವು, ಗಿಳಿ, ಸಮುದ್ರದ ವಿಡಿಯೊ ನೋಡಿ ಏನೂ ತೀರ್ಮಾನ ಮಾಡಬೇಡಿ. ಅದರಲ್ಲಿ ಎಲ್ಲಾ ಮಾನಿಟರೂ ಚೆಂದವೇ. ನಿಮ್ಮದೇ ಎಕ್ಸೆಲ್ ಹಾಳೆ ಮತ್ತು 11 ಪಾಯಿಂಟ್‌ನಲ್ಲಿ ಒಂದು ಕನ್ನಡ ಪತ್ರ ತೆರೆಯಿರಿ, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕೂತು ಓದಿ. ಪುಟವನ್ನು ಬೇಗ ಬೇಗ ಸರಿಸಿ, ಅಕ್ಷರದ ಹಿಂದೆ ನೆರಳು ಎಳೆಯುತ್ತಾ ನೋಡಿ. ಪರದೆಗಳಲ್ಲಿ ವಿಎ, ಐಪಿಎಸ್ ಅಂತ ಬಗೆಗಳಿವೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಹಿನ್ನೆಲೆ ಇದ್ದಾಗ ಅದು ಕಾಣಿಸಬಹುದು. ವಿಎ ಕಪ್ಪು ಬಣ್ಣ ಚೆನ್ನಾಗಿ ತೋರಿಸುತ್ತದೆ, ಸಿನಿಮಾ ನೋಡುವವರಿಗೆ ಒಳ್ಳೇದು. ಅಕ್ಷರದ ಕೆಲಸಕ್ಕೆ ಐಪಿಎಸ್ ವಾಸಿ, ಪಕ್ಕಕ್ಕೆ ವಾಲಿ ಕೂತರೂ ಬಣ್ಣ ಕೆಡಲ್ಲ. ಹೊಳೆಯುವ ಪರದೆ ಬೇಡ, ಮ್ಯಾಟ್ (ಹೊಳಪಿಲ್ಲದ್ದು) ಇರಲಿ. ಬಿಳಿ ಪುಟ ಒಂದನ್ನು ಪರದೆ ತುಂಬ ತೆರೆದು ಸತ್ತ ಪಿಕ್ಸೆಲ್ ಇದೆಯಾ ಅಂತ ಅಲ್ಲೇ ನೋಡಿಬಿಡಿ. ಒಂದೆರಡು ಸತ್ತಿದ್ದರೆ ವಾರಂಟಿಯಲ್ಲಿ ಬದಲಿಸಿ ಕೊಡುವುದು ಕಷ್ಟ.

ಮನೆಗೆ ತಂದ ಮೇಲೆ ವಿಂಡೋಸ್‌ನಲ್ಲಿ 'ಕ್ಲಿಯರ್‌ಟೈಪ್' ಅಂತ ಹುಡುಕಿ, ಅಕ್ಷರ ಸ್ಪಷ್ಟ ಮಾಡುವ ಆ ಸೆಟ್ಟಿಂಗ್ ಒಂದು ಸಲ ಓಡಿಸಿ. ಐದು ನಿಮಿಷದ ಕೆಲಸ, ಯಾರೂ ಮಾಡಲ್ಲ.

ಹಾಸನ, ಬಿ.ಎಂ. ರಸ್ತೆ (ತೆರಿಗೆ ಸಲಹೆ)

ಲೆಕ್ಕದ ಕೆಲಸ ಅಂದಿರಿ, ಹಾಗಾದರೆ 24 ಇಂಚಿನದು ಎರಡು ಹಾಕಿ. ಒಂದರಲ್ಲಿ ಬಿಲ್ಲು, ಇನ್ನೊಂದರಲ್ಲಿ ಎಕ್ಸೆಲ್. ನಾನು ಹಾಗೇ ಮಾಡುವುದು. ವೈರ್ ಮಾತ್ರ ಜಾಸ್ತಿಯಾಗುತ್ತದೆ, ಮೇಜೂ ದೊಡ್ಡದು ಬೇಕು.

ಪ್ರೋಗ್ರೆಸಿವ್ ಅಥವಾ ಬೈಫೋಕಲ್ ಕನ್ನಡಕ ಇದೆಯಾ? ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಲಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮಂಥವರು ಹಾಗೆ ಇಟ್ಟರೆ ಕನ್ನಡಕದ ಕೆಳಭಾಗದಿಂದ ಓದಲು ಗಲ್ಲ ಎತ್ತಬೇಕಾಗುತ್ತದೆ, ಕತ್ತು ಇನ್ನೂ ನೋಯುತ್ತದೆ. ನಮಗೆ ಇನ್ನೂ ಕೆಳಗೆ ಇರಬೇಕು. ಅದಕ್ಕೇ ಎತ್ತರ ಏರಿಸಿ ಇಳಿಸುವ ಸ್ಟ್ಯಾಂಡ್ ಇರುವುದನ್ನೇ ತಗೊಳ್ಳಿ. ಕಡಿಮೆ ಬೆಲೆಯವು ಬರೀ ಹಿಂದೆ ಮುಂದೆ ವಾಲುತ್ತವೆ.

ನಿಮ್ಮ ಹೆಸರಲ್ಲೇ ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲಿನಲ್ಲಿ ಆ ನಂಬರ್ ಹಾಕಿಸಿ. ಮಾನಿಟರ್ ಮೇಲೆ ಕಟ್ಟುವ 18% ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು) ಸಿಗುತ್ತದೆ.

ಮೂಡಿಗೆರೆ (ತೋಟ, ಜೊತೆಗೆ ಮನೆಯಿಂದ ಕೆಲಸ)

ಮಾನಿಟರ್ ಆರಿಸುವುದು ಒಂದು ತೂಕ, ಮಲೆನಾಡಲ್ಲಿ ಅದನ್ನು ಉಳಿಸಿಕೊಳ್ಳುವುದು ಇನ್ನೊಂದು ತೂಕ.

ಕರೆಂಟ್: 27 ಇಂಚಿನ ಮಾನಿಟರ್ ಸಾಮಾನ್ಯವಾಗಿ 25–35 ವಾಟ್ ತಿನ್ನುತ್ತದೆ, ಅಷ್ಟೇ. 600 ವಿಎ (ವೋಲ್ಟ್-ಆಂಪಿಯರ್) ಸಣ್ಣ ಯುಪಿಎಸ್ ಸಾಕು. ಅದಕ್ಕೆ ಮಾನಿಟರ್ ಮತ್ತು ರೂಟರ್ ಎರಡೇ ಹಾಕಿ. ಲ್ಯಾಪ್‌ಟಾಪ್‌ಗೆ ಅದರದ್ದೇ ಬ್ಯಾಟರಿ ಇದೆ, ಲ್ಯಾಪ್‌ಟಾಪನ್ನೂ ಇದಕ್ಕೆ ಸೇರಿಸಿದರೆ ಯುಪಿಎಸ್ ಬೇಗ ಖಾಲಿಯಾಗುತ್ತದೆ. ಮನೆಗೆ ಇನ್ವರ್ಟರ್ ಇದ್ದರೆ ಹಿಂದೆ 'ಯುಪಿಎಸ್ ಮೋಡ್' ಸ್ವಿಚ್ ಇದೆಯಾ ನೋಡಿ. ಸಾಮಾನ್ಯ ಮೋಡಿನಲ್ಲಿ ಕರೆಂಟ್ ಹೋದಾಗ ಬದಲಾಗುವುದು ನಿಧಾನ, ಪರದೆ ಆರಿ ಹೊತ್ತಿಕೊಳ್ಳಬಹುದು.

ಗುಡುಗು: ಏಪ್ರಿಲ್-ಮೇ ಸಂಜೆ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ತಾಮ್ರದ ಟೆಲಿಫೋನ್ ವೈರಿನ ಇಂಟರ್ನೆಟ್ ಇದ್ದರೆ ಅದನ್ನೂ ಕೀಳಿ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸುವುದೂ ಒಳ್ಳೇದು.

ಹುಳ: ಇದನ್ನು ಯಾವ ಅಂಗಡಿಯವರೂ ಹೇಳಲ್ಲ. ಮಳೆ ಹಿಡಿಯುವ ಮುಂಚೆ ರಾತ್ರಿ ದೀಪಕ್ಕೆ ಹುಳ ಮುತ್ತುತ್ತವಲ್ಲ, ಅದರಲ್ಲಿ ತೀರಾ ಸಣ್ಣವು ಪರದೆಯ ಅಂಚಿನಿಂದ ಒಳಗೇ ನುಗ್ಗುತ್ತವೆ. ಪ್ಯಾನೆಲ್ಲಿನ ಪದರಗಳ ನಡುವೆ ಓಡಾಡುವುದು ಕಣ್ಣಿಗೆ ಕಾಣುತ್ತದೆ. ಒರೆಸಿದರೆ ಹೋಗಲ್ಲ, ಹೊರಗಿಲ್ಲವಲ್ಲ. ಯಾವ ಕಾರಣಕ್ಕೂ ಬೆರಳಲ್ಲಿ ಒತ್ತಬೇಡಿ. ಅಲ್ಲೇ ಸತ್ತರೆ ಕಪ್ಪು ಚುಕ್ಕೆಯಾಗಿ ಉಳಿದುಬಿಡುತ್ತದೆ, ದುಡ್ಡು ಕೊಟ್ಟು ಬಿಚ್ಚಿಸಬೇಕು. ಮಾನಿಟರ್ ಆಫ್ ಮಾಡಿ, ಪಕ್ಕದಲ್ಲಿ ಟೇಬಲ್ ಲ್ಯಾಂಪ್ ಹಚ್ಚಿಡಿ. ಸಾಮಾನ್ಯವಾಗಿ ತಾನಾಗಿ ಹೊರಗೆ ಬರುತ್ತದೆ. ಕಿಟಕಿಗೆ ಸೊಳ್ಳೆ ಬಲೆ ಹಾಕಿಸಿ, ಆದರೂ ತೀರಾ ಸಣ್ಣವನ್ನು ತಡೆಯಲ್ಲ ಬಿಡಿ.

ಥಂಡಿ: ಜುಲೈ-ಆಗಸ್ಟ್‌ನಲ್ಲಿ ಮಾನಿಟರನ್ನು ಪ್ಲಾಸ್ಟಿಕ್ ಕವರ್ ಹಾಕಿ ಮುಚ್ಚಿಡಬೇಡಿ, ಒಳಗೇ ಬೆವರುತ್ತದೆ. ದಿನಾ ಸ್ವಲ್ಪ ಹೊತ್ತು ಆನ್ ಇರಲಿ.

ಹೆಂಚಿನ ಮನೆ ಅಂದಿರಲ್ಲ, ಮೇಲೆ ಗಾಜಿನ ಹೆಂಚು ಇದೆಯಾ? ಇದ್ದರೆ ಅದರ ಬಿಸಿಲು ಮಧ್ಯಾಹ್ನ ಎಲ್ಲಿ ಬೀಳುತ್ತದೆ ನೋಡಿಕೊಂಡು ಮೇಜು ಇಡಿ. ಬಿಸಿಲಿನ ಪಟ್ಟಿ ಪರದೆ ಮೇಲೆ ಬಂದರೆ ಯಾವ ಮ್ಯಾಟೂ ಕೆಲಸ ಮಾಡಲ್ಲ. ಕಿಟಕಿ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕಕ್ಕಿರಲಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹುಳದ ವಿಷಯ ಕೇಳಿ ನಗುವೂ ಬಂತು, ಭಯವೂ ಆಯಿತು. ಗಾಜಿನ ಹೆಂಚು ಇದೆ, ಮೇಜು ಸರಿಯಾಗಿ ಅದರ ಕೆಳಗೇ ಇದೆ! ಇವತ್ತೇ ಸರಿಸುತ್ತೇನೆ. ಬೈಫೋಕಲ್ ಇನ್ನೂ ಬಂದಿಲ್ಲ. 27 ಇಂಚಿನ 1440 ಅಂತ ಮನಸ್ಸು ಮಾಡಿದ್ದೇನೆ. ಇನ್ನೆರಡು ಅನುಮಾನ. ಮೇಜು ಒಂದೂವರೆ ಅಡಿ ಅಗಲ ಮಾತ್ರ, ಗೋಡೆಗೆ ಹೊಡೆಸಬಹುದಾ? ಲ್ಯಾಪ್‌ಟಾಪ್‌ನಲ್ಲಿ ಟೈಪ್-ಸಿ ಇದೆ, ಒಂದೇ ವೈರಲ್ಲಿ ಚಾರ್ಜೂ ಆಗುತ್ತೆ ಅಂತಾರೆ, ನಿಜಾನಾ?

ಹಾಸನ, ಸಾಲಗಾಮೆ ರಸ್ತೆ

ಟೈಪ್-ಸಿ ಇದ್ದ ಮಾತ್ರಕ್ಕೆ ಚಿತ್ರ ಬರುತ್ತದೆ ಅಂತೇನಿಲ್ಲ ಅಕ್ಕ. ಆ ತೂತಿನ ಪಕ್ಕ ಮಿಂಚಿನ ಗುರುತು ಅಥವಾ 'ಡಿ' ಒಳಗೆ 'ಪಿ' ಇರುವಂಥ ಗುರುತು ಇದೆಯಾ ನೋಡಿ. ಕೆಲವದರಲ್ಲಿ ಗುರುತೇ ಹಾಕಿರುವುದಿಲ್ಲ, ಆಗ ಮಾಡೆಲ್ ನಂಬರ್ ಹಾಕಿ ಕಂಪನಿಯ ಪುಟದಲ್ಲಿ ಹುಡುಕಬೇಕು. ಇದ್ದರೆ 65 ವಾಟ್ ಕೊಡುವ ಟೈಪ್-ಸಿ ಮಾನಿಟರ್ ತಗೊಳ್ಳಿ, ಒಂದೇ ವೈರಲ್ಲಿ ಎರಡೂ ಆಗುತ್ತದೆ. ಆದರೆ ಮೂಡಿಗೆರೆಯವರ ಯುಪಿಎಸ್ ಲೆಕ್ಕ ಆಗ ತಪ್ಪುತ್ತದೆ. ಮಾನಿಟರೇ ಲ್ಯಾಪ್‌ಟಾಪನ್ನೂ ಚಾರ್ಜ್ ಮಾಡುವುದರಿಂದ ಯುಪಿಎಸ್ ಬ್ಯಾಟರಿ ಬೇಗ ಇಳಿಯುತ್ತದೆ. ಕರೆಂಟ್ ಹೋದಾಗ ಆ ವೈರ್ ತೆಗೆದು ಎಚ್‌ಡಿಎಂಐ ಚುಚ್ಚಿಕೊಳ್ಳಿ.

ಮೂಡಿಗೆರೆ

ಹಳೇ ಮನೆ ಮಣ್ಣಿನ ಗೋಡೆಯಾಗಿದ್ದರೆ ಹೊಡೆಸಬೇಡಿ, ಸ್ಕ್ರೂ ನಿಲ್ಲಲ್ಲ. ಮೇಜಿನ ಅಂಚಿಗೆ ಕಚ್ಚಿಸುವ ಆರ್ಮ್ (ಮಾನಿಟರ್ ಹಿಡಿದು ನಿಲ್ಲಿಸುವ ತೋಳು) ಸಿಗುತ್ತದೆ. ಮೇಜನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆದು ಹಿಂದಿನ ಅಂಚಿಗೆ ಅದನ್ನು ಬಿಗಿದರೆ, ಪರದೆ ಮೇಜಿನ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಒಂದೂವರೆ ಅಡಿ ಮೇಜು ಪೂರ್ತಿ ಕೀಬೋರ್ಡಿಗೆ ಉಳಿಯಿತು. ಮಾನಿಟರ್ ಬೆನ್ನಿಗೆ ನಾಲ್ಕು ಸ್ಕ್ರೂ ತೂತು, 100 ಮಿಲಿಮೀಟರ್ ಅಥವಾ 75 ಮಿಲಿಮೀಟರ್ ಅಂತರದಲ್ಲಿ, ಇರಲೇಬೇಕು. ಕೆಲವಕ್ಕೆ ಇರಲ್ಲ. ದುಡ್ಡು ಕೊಡುವ ಮೊದಲು ಹಿಂದೆ ತಿರುಗಿಸಿ ನೋಡಿ. ಹಾಗೇ ಸರ್ವಿಸ್‌ನವರು ನಿಮ್ಮ ಪಿನ್‌ಕೋಡಿಗೆ ಮನೆಗೇ ಬರ್ತಾರಾ, ಇಲ್ಲ ನೀವೇ ಹೊತ್ತುಕೊಂಡು ಹೋಗಬೇಕಾ ಅಂತ ಕೇಳಿ. ಖಾಲಿ ಡಬ್ಬ, ಥರ್ಮಾಕೋಲ್ ಎರಡೂ ಅಟ್ಟಕ್ಕೆ ಹಾಕಿಡಿ, ಸರ್ವಿಸ್‌ಗೆ ಬಸ್ಸಲ್ಲಿ ತಗೊಂಡು ಹೋಗುವ ಹಾಗಾದರೆ ಬೇಕಾಗುತ್ತದೆ.