ಡಾಕ್ಟ್ರಿಗೆ ಕೇಳಿ: ಹಸಿರು ಬೂಷ್ಟು ಹಿಡಿದ ಹುಳ

(ಬದಿಯಡ್ಕ ಆಸುಪಾಸಿನ ಅಡಿಕೆ ಕೃಷಿಕರ ಗುಂಪು. ಉತ್ತರ ಕೊಡುವವರು ನಿವೃತ್ತ ಸಸ್ಯರೋಗ ತಜ್ಞರು.)

ಪೆರ್ಲದವರು: ನಮಸ್ಕಾರ ಡಾಕ್ಟ್ರೇ. ಗೊಬ್ಬರದ ಗುಂಡಿಯಲ್ಲಿ ತೆಂಗಿಗೆ ಬೀಳುವ ಕುರುವಾಯಿ ದುಂಬಿಯ ಹುಳ ಒಂದು ಸತ್ತು ಗಟ್ಟಿಯಾಗಿತ್ತು, ಮೈಯೆಲ್ಲ ಹಸಿರು ಪುಡಿ. ಅದನ್ನು ಬೇಯಿಸಿದ ಕುಚ್ಚಲಕ್ಕಿಯಲ್ಲಿ ಹಾಕಿಟ್ಟೆ. ನಾಲ್ಕೇ ದಿನಕ್ಕೆ ಅಕ್ಕಿ ಪೂರಾ ಹಳದಿ ಹಸಿರು. ಹೊಸ ಔಷಧ ಸಿಕ್ಕಿತಾ? ನಾಳೆ ಅಡಿಕೆ ಬುಡಕ್ಕೆ ಹಾಕಲಾ, ಬೇರುಹುಳಕ್ಕೆ?

ಡಾಕ್ಟ್ರು: ಹಾಕಬೇಡಿ. ಡಬ್ಬಿಯ ಮುಚ್ಚಳ ತೆಗೆಯಬೇಡಿ, ಮೂಸಬೇಡಿ.
ಹುಳದ ಮೇಲಿದ್ದದ್ದು ಮೆಟರೈಜಿಯಂ ಇರಬಹುದು, ಹುಳ ಕೊಲ್ಲುವ ಬೂಷ್ಟು. 1879ರಲ್ಲಿ ವಿಜ್ಞಾನಿ ಮೆಚ್ನಿಕಾಫ್ ಅದನ್ನು ಗುರುತಿಸಿದ್ದೂ ಸತ್ತ ಹುಳದಲ್ಲೇ, ಗೋಧಿಯ ದುಂಬಿಯದ್ದು. ಅದರ ಬೀಜಕಣ ಹುಳದ ಚರ್ಮಕ್ಕೆ ಅಂಟಿ, ಕೊರೆದು ಒಳಗೆ ಹೋಗಿ ಬೆಳೆಯುತ್ತದೆ. ಹುಳ ಸತ್ತ ಮೇಲೆ ಮೊದಲು ಬಿಳಿ, ಆಮೇಲೆ ಹಸಿರು. ಆದರೆ ಅಕ್ಕಿಯಲ್ಲಿ ಅದು ನಾಲ್ಕು ದಿನಕ್ಕೆ ಪೂರಾ ಹಸಿರಾಗುವುದಿಲ್ಲ. ನಿಮ್ಮ ಹಳದಿ ನೋಡಿದರೆ ನನಗೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೇರೆ ಬೂಷ್ಟಿನ ಸಂಶಯ. ಹಾಳಾದ ನೆಲಗಡಲೆ, ಕೊಬ್ಬರಿಯಲ್ಲಿ ಬರುತ್ತದಲ್ಲ, ಅದು. ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಲಿವರ್ ಹಾಳು ಮಾಡುವಂಥದ್ದು, ಕುದಿಸಿದರೂ ಹೋಗದು.
ಹೊಸದು ಹುಡುಕುವ ಕ್ರಮ ಬೇರೆ ಉಂಟು. ಒದ್ದೆ ಮಣ್ಣಿನಲ್ಲಿ ಜೇನುಗೂಡಿನ ಮೇಣದ ಹುಳ ಬಿಟ್ಟು ಕಾಯುತ್ತಾರೆ. ಸತ್ತ ಹುಳದ ಬೂಷ್ಟನ್ನು ಬೇರ್ಪಡಿಸಿ, ಚೆನ್ನಾಗಿರುವ ಹುಳಕ್ಕೆ ತಾಗಿಸುತ್ತಾರೆ. ಅದೂ ಸತ್ತು ಅದೇ ಬೂಷ್ಟು ಬಂದರೆ ಮಾತ್ರ ಕೊಂದದ್ದು ಇದೇ ಅನ್ನಬಹುದು. ಇನ್ನೊಂದು ಅಂಥ ಹುಳ ಸಿಕ್ಕಿದರೆ ಕಾಗದದಲ್ಲಿ ಸುತ್ತಿ ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೆ ಕೊಂಡುಹೋಗಿ.

ಮುಳ್ಳೇರಿಯದವರು: ಕಾಳುಮೆಣಸಿನ ಸೊರಗು ರೋಗಕ್ಕೂ ಇಂಥದ್ದು ಉಂಟಾ ಸರ್?

ಕುಂಬಳೆಯವರು: ಫಾರ್ವರ್ಡ್ ಬಂದದ್ದು. ಟ್ರೈಕೋಡರ್ಮಾ, ಬೆಲ್ಲ, ಮೈಲುತುತ್ತು ಒಟ್ಟಿಗೆ ಕಲಸಿ ಹಾಕಿ, ಕೊಳೆರೋಗ ಮಾಯ. ಹತ್ತು ಜನಕ್ಕೆ ಕಳಿಸಿ 🙏

ಡಾಕ್ಟ್ರು: ಮೈಲುತುತ್ತು ಇರುವುದೇ ಬೂಷ್ಟು ಕೊಲ್ಲಲಿಕ್ಕೆ. ಟ್ರೈಕೋಡರ್ಮಾವೂ ಬೂಷ್ಟೇ, ರೋಗ ತಡೆಯುವಂಥದ್ದು. ಕೊಲ್ಲುವುದಾದರೆ ಬೆಲ್ಲ ಯಾಕೆ ತಿನ್ನಿಸುತ್ತೀರಿ? ಯಾರಿಗೂ ಕಳಿಸಬೇಡಿ.

ನೀರ್ಚಾಲಿನವರು: ಬೋರ್ಡೋ ದ್ರಾವಣದ ಜೊತೆ ಟ್ರೈಕೋಡರ್ಮಾ ಬೆರೆಸಬಹುದಾ?

ಡಾಕ್ಟ್ರು: ಬೋರ್ಡೋದಲ್ಲಿ ಇರುವುದೂ ಮೈಲುತುತ್ತೇ. ಮೇಲೆ ಓದಿ.

ಎಣ್ಮಕಜೆಯವರು: ಪೆರ್ಲದ ಅಣ್ಣ ಮಾಡಿದ್ದರಲ್ಲಿ ತಪ್ಪೇನು? ನಮ್ಮದೇ ಮಣ್ಣಿನದ್ದು. 2000ದವರೆಗೆ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗ ವಿಜ್ಞಾನದವರು ಎಲ್ಲಿದ್ದರು?

ಅಡೂರಿನವರು: ನಮ್ಮ ಮಣ್ಣಿನದ್ದು ಅಂತ ಕಾಸರಕನ ಬೀಜ ಅಗಿಯುತ್ತೀರಾ ಭಾವ?

ಎಣ್ಮಕಜೆಯವರು: ಆ ವಿಷ ನಿಮ್ಮ ಮನೆಯ ಮೇಲೆ ಬಿದ್ದಿಲ್ಲ. ಸುಮ್ನೆ ಕೂತು ತಮಾಷೆ ಮಾಡುವುದು ಸುಲಭ.

ಅಡೂರಿನವರು: ಯಾರ ಮೇಲೆ ಬಿದ್ದಿದೆ ಅಂತ ನಿಮಗೆ ಗೊತ್ತುಂಟಾ? ಮಾತು ನೋಡಿ ಆಡಿ.

ಕುಂಬಳೆಯವರು: ಬೆಲ್ಲದ ಬದಲು ಮಜ್ಜಿಗೆ ಆಗ್ತದಾ ಡಾಕ್ಟ್ರೇ?

ಡಾಕ್ಟ್ರು: ಕುಡಿಯಿರಿ. ನಿಮಗೆ ಒಳ್ಳೆಯದು.

ಮುಳ್ಳೇರಿಯದವರು: ಸರ್, ಕಾಳುಮೆಣಸು??

ಪೆರ್ಲದವರು: ಡಾಕ್ಟ್ರೇ, ಒಂದು ವಿಷಯ. ನಿನ್ನೆ ಮನೆಯವಳು ಅದೇ ಅಕ್ಕಿ ಒಂದು ಹಿಡಿ ಕೋಳಿಗೆ ಹಾಕಿದ್ದಾಳಂತೆ.

ಡಾಕ್ಟ್ರು: ಇದನ್ನು ಮೊದಲೇ ಹೇಳುವುದಲ್ವಾ ಮಾರಾಯ್ರೇ! ಈಗಲೇ ಮೃಗಾಸ್ಪತ್ರೆಗೆ ಫೋನ್ ಮಾಡಿ. ಮೊಟ್ಟೆ ಮುಟ್ಟಬೇಡಿ. ಉಳಿದದ್ದನ್ನು ಡಬ್ಬಿ ಸಮೇತ ಚೀಲ ಕಟ್ಟಿ ಆಳಕ್ಕೆ ಹೂಳಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಆಮೇಲೆ ನನಗೆ ಫೋನ್ ಮಾಡಿ, ಇಲ್ಲಿ ಬರೆಯಬೇಡಿ.